ಉಬ್ಬರದ ಪಟ್ಟಿಯ ಹಿಂಬದಿಗೆ ಬರೆದದ್ದು

ಪ್ರಣಾಲಿ ತಾಂಡೇಲ,
ನಾಳೆಯಿಂದ ಹದಿನೆಂಟು ದಿನ ನನ್ನ ಕುರ್ಚಿ ನಿನ್ನದು.
ಎಡಗಣ್ಣಿನ ಪೊರೆ ತೆಗೆಸಲು ಹೊರಟಿದ್ದೇನೆ;
ಪರದೆಯ ಮೇಲಿನ ಅಕ್ಷರವೆಲ್ಲ ಈಗ
ಕೂರ್ಮಗಡದ ಮೇಲೆ ಕೂತ ಮಂಜಿನ ಹಾಗೆ.
ವಿಭಾಗದ ಪಾಸ್‌ವರ್ಡ್ ಬಾಯಲ್ಲೇ ಹೇಳಿದ್ದೇನೆ.
ಉಳಿದದ್ದು ಇಲ್ಲಿದೆ, ಹೋದ ವರ್ಷದ ಪಟ್ಟಿಯ ಬೆನ್ನಿಗೆ.

ಬಂದ ಕೂಡಲೇ ಮೇಲ್ ತೆರೆಯಬೇಡ ತಂಗೀ.
ಮೊದಲು ಕ್ಯಾಲೆಂಡರ್. ಆಮೇಲೆ ಕಿಟಕಿ. ಆಮೇಲೆ ಮೇಲ್.
ಇನ್ನೂರು ಪತ್ರ ಬಂದಿರುತ್ತವೆ, ಹೆದರಬೇಡ,
ನೂರೈವತ್ತು ಬರೀ ಪಾಚಿ.
ಪಾಚಿಗೊಂದು ಡಬ್ಬಿ ಮಾಡಿಟ್ಟಿದ್ದೇನೆ, ತಾನೇ ಹೋಗಿ ಬೀಳುತ್ತದೆ;
ಶನಿವಾರ ಮಾತ್ರ ಕೈ ಹಾಕಿ ನೋಡು,
ಪಾಚಿಯೊಳಗೂ ಒಮ್ಮೊಮ್ಮೆ ಶೆಟ್ಲಿ ಇರುತ್ತದೆ.

ವಿಷಯ ಎಂಬಲ್ಲಿ 'ತುರ್ತು' ಎಂದು ಬರೆಯಬೇಡ.
ಇಲ್ಲಿ ಎಲ್ಲರದ್ದೂ ತುರ್ತೇ.
ಬುಟ್ಟಿ ಇಳಿಸುವ ಮೊದಲೇ ಕೋಡಿಬಾಗದ ಶೆವಂತಿಬಾಯಿ
ಬಂಗಡೆಯೋ ತಾರ್ಲೆಯೋ ಕೂಗಿ ಹೇಳುತ್ತಾಳಲ್ಲ, ಹಾಗೆ ಬರೆ:
ಹಡಗಿನ ಹೆಸರು, ದಿನ, ನಮಗೇನು ಬೇಕು.
ತೆರೆಯದೆಯೇ ತಿಳಿಯಬೇಕು ಒಳಗಿನ ಮೀನು.

'ಎಲ್ಲರಿಗೂ ಉತ್ತರಿಸು' ಎಂಬ ಗುಂಡಿ ರಂಪಣಿ ಬಲೆ.
ಬಿಡಲಿಕ್ಕೆ ಒಂದು ಬೆರಳು,
ಎಳೆಯಲಿಕ್ಕೆ ಇಡೀ ಊರು.
ನಾನೊಮ್ಮೆ 'ಸರಿ ಸರ್' ಎಂದದ್ದು
ಮಂಗಳೂರಿನವರೆಗೆ ಮುನ್ನೂರ ಹನ್ನೊಂದು ಜನರಿಗೆ ಹೋಯಿತು;
ಅವರಲ್ಲಿ ನಲವತ್ತು ಮಂದಿ 'ಇದು ನನಗೇಕೆ' ಎಂದು
ಎಲ್ಲರಿಗೂ ಉತ್ತರಿಸಿದರು.

ಸಿಟ್ಟು ಬಂದಾಗ ಬರೆ, ಧಾರಾಳ ಬರೆ,
'ಯಾರಿಗೆ' ಎಂಬಲ್ಲಿ ಮಾತ್ರ ಖಾಲಿ ಬಿಡು.
ಡ್ರಾಫ್ಟಿನಲ್ಲಿ ನನ್ನವು ಹದಿಮೂರಿವೆ.
ಓದಬೇಡ.

ದುಬೈ ಏಜೆಂಟನ ಹತ್ತು ಗಂಟೆ ನಮ್ಮ ಹನ್ನೊಂದೂವರೆ.
ಅವನ ಆಮಂತ್ರಣ ಇದ್ದ ಹಾಗೆ ಒಪ್ಪಿಕೋ,
ಕ್ಯಾಲೆಂಡರೇ ತಾಸು ತಿದ್ದಿಕೊಳ್ಳುತ್ತದೆ.
ನಾನು ಜಾಣತನ ಮಾಡಿ ಕೈಯಿಂದ ಬರೆದುಕೊಂಡೆ ಒಮ್ಮೆ.
ಡಾಂಬರಿನ ಹಡಗು ಬರುವುದಿತ್ತು. ಪೈಲಟ್ ದೋಣಿ
ಬೈತಖೋಲದ ಬಾಯಲ್ಲಿ ಒಂದೂವರೆ ತಾಸು
ಎಂಜಿನ್ ಗುರುಗುಟ್ಟಿಸುತ್ತ ನಿಂತಿತು.
ಮರಳಿ ಬಂದ ದತ್ತಾರಾಮ ಏನೂ ಬೈಯಲಿಲ್ಲ.
ನಾನು ಕೊಟ್ಟ ಚಹಾವನ್ನು ನಿಧಾನಕ್ಕೆ ಕಿಟಕಿಯಾಚೆ ಚೆಲ್ಲಿ
ಖಾಲಿ ಲೋಟ ಮೇಜಿನ ಮೇಲಿಟ್ಟ.

'ದಿನವೂ ಪುನರಾವರ್ತಿಸು' ಎಂಬುದೊಂದಿದೆ.
ಸೋಮವಾರದ ಸಭೆಗೆ, ಸಂಬಳದ ಬಿಲ್ಲಿಗೆ
ಅದರದೇ ಅಣ್ಣತಮ್ಮಂದಿರು, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ.
ಉಬ್ಬರಕ್ಕೆ ಮಾತ್ರ ಯಾವುದನ್ನೂ ಒತ್ತಬೇಡ.
ಇಂದು ಹತ್ತೂ ಇಪ್ಪತ್ತು, ನಾಳೆ ಹನ್ನೊಂದೂ ಹತ್ತು,
ನಾಡಿದ್ದು ಹನ್ನೆರಡರ ಮಗ್ಗುಲು.
ಚಂದ್ರ ಯಾರ ಆಮಂತ್ರಣವನ್ನೂ ಒಪ್ಪಿದವನಲ್ಲ.
ಪಟ್ಟಿ ನೋಡಿ ಒಂದೊಂದೇ ದಿನ ಕೈಯಲ್ಲಿ ತುಂಬಬೇಕು.
ಬೇಸರದ ಕೆಲಸ.
ನನಗೆ ಇಷ್ಟದ ಕೆಲಸ.

ಕೊನೆಯದು. ಗುರುವಾರ ನಾಲ್ಕೂ ಹತ್ತಕ್ಕೆ
ಒಂದು ಹಸಿರು ಚೌಕ ಕಾಣುತ್ತದೆ:
'ಧಕ್ಕೆ ಪರಿಶೀಲನೆ, ಹದಿನೈದು ನಿಮಿಷ.'
ಅಲ್ಲಿ ಪರಿಶೀಲಿಸುವುದಕ್ಕೆ ಏನೂ ಇಲ್ಲ.
ಹಡಗಿನ ಹಗ್ಗ ಸುತ್ತುವ ಕಬ್ಬಿಣದ ಗೂಟದ ಮೇಲೆ
ಸುಮ್ಮನೆ ಕೂರುತ್ತೇನೆ.
ಖಾಲಿ ಬಿಟ್ಟ ಜಾಗಕ್ಕೆ ಯಾರಾದರೂ ಸಭೆ ತಂದು ಸುರಿಯುತ್ತಾರೆ;
ಅದಕ್ಕೇ ಸುಮ್ಮನಿರುವುದಕ್ಕೂ
ಕಚೇರಿ ಭಾಷೆಯಲ್ಲಿ ಒಂದು ಹೆಸರು ಬೇಕು.

ಹೊಸ ಸಾಹೇಬರು ಬಂದ ತಿಂಗಳೇ ಅದನ್ನು ಕಂಡು
'ನನ್ನನ್ನೂ ಸೇರಿಸಿ' ಎಂದು ಬರೆದರು.
ಸಿಕ್ಕಿಬಿದ್ದೆ ಅಂದುಕೊಂಡೆ. ಸೇರಿಸಿದೆ.
ಬಂದರು. ಪಕ್ಕದ ಗೂಟದ ಧೂಳು ಕೊಡವಿ ಕೂತರು.
ದೇವಗಡದ ದೀಪಸ್ತಂಭದ ಕಡೆ ನೋಡಿದರು.
ಹದಿನೈದು ನಿಮಿಷಕ್ಕೆ ಎದ್ದು
'ಮುಂದಿನ ಗುರುವಾರ?' ಅಂದರು.
ಎರಡು ವರ್ಷವಾಯಿತು,
ಒಂದು ಸಾಲು ನಡಾವಳಿ ಬರೆದಿಲ್ಲ.

ಈ ಗುರುವಾರದ್ದಕ್ಕೆ ನಿನಗೂ ಕರೆ ಕಳಿಸಿದ್ದೇನೆ.
ಒಪ್ಪಿಕೋ.
ಮೂರನೆಯ ಗೂಟ ಸ್ವಲ್ಪ ಅಲುಗಾಡುತ್ತದೆ, ನೋಡಿಕೊಂಡು ಕೂರು.